ಡಿಜೆ ಮಿಕ್ಸರ್‌ನ ಮುಂಭಾಗದ ಸಣ್ಣ ಗುಂಡಿಗಳು: ಕರ್ವ್, ರಿವರ್ಸ್, ಕ್ಯೂ ಮಿಕ್ಸ್, ಸ್ಪ್ಲಿಟ್ ಯಾವುದಕ್ಕೆ?

ಬೀಟ್‌ಹುಡುಕ

ಎರಡು ಹಾಡುಗಳನ್ನು ಬೆರೆಸುವ, ಎರಡು ಚಾನೆಲ್‌ಗಳ ಹಳೆಯ ಡಿಜೆ ಮಿಕ್ಸರೊಂದು ನನ್ನ ಕೈಗೆ ಬಂದಿದೆ. ಕೈಪಿಡಿ ಇಲ್ಲ. ಮೇಲ್ಭಾಗದ ಬಗ್ಗೆ ನನ್ನ ತಕರಾರಿಲ್ಲ. ಒಳಬರುವ ಧ್ವನಿಯ ಮಟ್ಟಕ್ಕೆ ಗೇನ್, ತಗ್ಗು-ನಡು-ಮೇಲಿನ ಸ್ವರಗಳಿಗೆ ಲೋ, ಮಿಡ್, ಹೈ ಎಂಬ ಮೂರು ಈಕ್ಯೂ ಗುಂಡಿಗಳು, ಮೇಲೆ-ಕೆಳಗೆ ಸರಿಸುವ ಚಾನೆಲ್ ಫೇಡರ್‌ಗಳು, ಕೆಳಗೆ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸಲು ಅಡ್ಡಲಾಗಿ ಸರಿಯುವ ಕ್ರಾಸ್‌ಫೇಡರ್, ಅಷ್ಟನ್ನೂ ಬಳಸಬಲ್ಲೆ. ತೊಡಕಿರುವುದು ನಮ್ಮ ಹೊಟ್ಟೆಯ ಕಡೆಗೆ ಮುಖ ಮಾಡಿರುವ ಆ ಕಿರಿದಾದ ಪಟ್ಟಿಯಲ್ಲಿ. ಎಡತುದಿಯಲ್ಲಿ ಮೈಕ್ ಜ್ಯಾಕ್, ಪಕ್ಕದಲ್ಲಿ ಅದರ ಗುಂಡಿ. ನಡುವೆ ‘ಸಿಎಫ್ ಕರ್ವ್’ ಎಂಬ ಪುಟ್ಟ ಗುಂಡಿ, ‘ರಿವರ್ಸ್’ ಎಂಬ ಸ್ವಿಚ್, ‘ಲೈನ್ ಕರ್ವ್’ ಎಂಬ ಇನ್ನೊಂದು ಗುಂಡಿ. ಬಲತುದಿಯಲ್ಲಿ ‘ಕ್ಯೂ’ದಿಂದ (ಹೆಡ್‌ಫೋನಿನಲ್ಲಷ್ಟೇ ಕೇಳುವ ಮುಂದಿನ ಹಾಡು) ‘ಮಾಸ್ಟರ್’ವರೆಗೆ (ಹೊರಗೆ ಕೇಳುತ್ತಿರುವ ಹಾಡು) ತಿರುಗುವ ಗುಂಡಿ, ‘ಸ್ಪ್ಲಿಟ್’ ಸ್ವಿಚ್, ಹೆಡ್‌ಫೋನ್ ಲೆವೆಲ್, ದಪ್ಪದ್ದೊಂದು ಸಣ್ಣದೊಂದು ಹೆಡ್‌ಫೋನ್ ಜ್ಯಾಕ್.

ನನ್ನನ್ನು ಕಾಡುತ್ತಿರುವುದು ಎರಡು ವಿಷಯ. ಒಂದು, ಕ್ರಾಸ್‌ಫೇಡರನ್ನು ಎಡತುದಿಯಿಂದ ಕೂದಲೆಳೆಯಷ್ಟು ಸರಿಸಿದರೆ ಸಾಕು, ಬಲಗಡೆಯ ಹಾಡು ಪೂರ್ತಿ ಜೋರಿನಲ್ಲಿ ನುಗ್ಗಿಬರುತ್ತದೆ. ಗೆಳೆಯನ ಮಿಕ್ಸರ್‌ನಲ್ಲಿ ಅದೇ ಹಾಡು ನಿಧಾನವಾಗಿ ಏರುತ್ತದೆ. ಇನ್ನೊಂದು, ಹೆಡ್‌ಫೋನಿನಲ್ಲಿ ಎರಡು ಹಾಡುಗಳ ಬೀಟ್ ಸರಿಯಾಗಿ ಕೂಡಿಸಿ ಫೇಡರ್ ಎತ್ತುತ್ತೇನೆ. ಹೊರಗೆ ಕೇಳಿದರೆ ಕಿಕ್ (ಡ್ರಮ್ಮಿನ ದಪ್ಪ ಏಟು) ಒಂದರ ಬೆನ್ನಿಗೆ ಒಂದು ಬೀಳುತ್ತಿರುತ್ತದೆ. ಕಿವಿಯ ದೋಷವೋ ಯಂತ್ರದ ದೋಷವೋ ತಿಳಿಯುತ್ತಿಲ್ಲ.

ಹಳೇಫೇಡರ್

ಯಂತ್ರದ ದೋಷವಲ್ಲ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಆ ಪಟ್ಟಿಯಲ್ಲಿಯೇ ಇದೆ.

ಮೊದಲು ಒಂದು ಮಾತು. ಹಾಡು ನಡೆಯುತ್ತಿರುವಾಗ ಕೈ ತಗುಲಬಾರದ ಗುಂಡಿಗಳನ್ನು ತಯಾರಕರು ಬೇಕೆಂದೇ ಮುಂಭಾಗದ ಅಂಚಿಗೆ ತಳ್ಳುತ್ತಾರೆ. ಮೇಲ್ಭಾಗ ಕ್ಷಣಕ್ಷಣದ ಕೆಲಸಕ್ಕೆ. ಮುಂಭಾಗ ಒಮ್ಮೆ ಹೊಂದಿಸಿಕೊಂಡು ಬಿಡುವುದಕ್ಕೆ. ಹೆಡ್‌ಫೋನಿನ ಗುಂಡಿಗಳು ಇದಕ್ಕೆ ಹೊರತು, ಅವುಗಳ ಮೇಲೆ ರಾತ್ರಿಯಿಡೀ ಕೈ ಇರುತ್ತದೆ. ಆದರೆ ಎಲ್ಲ ಕಂಪನಿಗಳೂ ಈ ಪದ್ಧತಿಯನ್ನು ಪಾಲಿಸುವುದಿಲ್ಲ. ನಾಲ್ಕು ಚಾನೆಲ್‌ಗಳ ಕ್ಲಬ್ ಮಿಕ್ಸರ್‌ಗಳಲ್ಲಿ ಕರ್ವ್ ಸ್ವಿಚ್‌ಗಳು ಮೇಲೆಯೇ ಇರುವುದುಂಟು. ಮುಂಭಾಗದ ಪಟ್ಟಿ ತುಂಬಿ ತುಳುಕುವುದು ಸ್ಕ್ರ್ಯಾಚ್ ಮಾಡುವವರಿಗೆಂದು (ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ತಳ್ಳಿ ಸದ್ದು ಹೊರಡಿಸುವವರಿಗೆಂದು) ತಯಾರಾದ ಎರಡು ಚಾನೆಲ್ ಮಿಕ್ಸರ್‌ಗಳಲ್ಲಿ. ನಿಮ್ಮದು ಆ ಜಾತಿಯದೇ ಇರಬೇಕು.

ಈಗ ಸಿಎಫ್ ಕರ್ವ್, ಅಂದರೆ ಕ್ರಾಸ್‌ಫೇಡರ್ ಕರ್ವ್. ಸಾಮಾನ್ಯ ಕ್ರಾಸ್‌ಫೇಡರ್ ಓಡಾಡುವ ದಾರಿ 45 ಮಿಲಿಮೀಟರ್. ಆ ದಾರಿಯಲ್ಲಿ ಎಲ್ಲಿ ಎಷ್ಟು ಧ್ವನಿ ತೆರೆದುಕೊಳ್ಳಬೇಕು ಎಂಬುದನ್ನು ಕರ್ವ್ ಗುಂಡಿ ನಿರ್ಧರಿಸುತ್ತದೆ. ಒಂದು ಕೊನೆಗೆ ತಿರುಗಿಸಿದರೆ ಫೇಡರ್ ತುದಿಯಿಂದ ಒಂದೆರಡು ಮಿಲಿಮೀಟರ್ ಸರಿಯುವಷ್ಟರಲ್ಲಿ ಆ ಚಾನೆಲ್ ಪೂರ್ತಿ ತೆರೆದಿರುತ್ತದೆ, ಉಳಿದ ದಾರಿಯಲ್ಲೆಲ್ಲ ಏನೂ ಬದಲಾಗುವುದಿಲ್ಲ. ಇನ್ನೊಂದು ಕೊನೆಗೆ ತಿರುಗಿಸಿದರೆ ಏರಿಕೆ ಇಡೀ ದಾರಿಗೆ ಹರಡಿಕೊಳ್ಳುತ್ತದೆ. ನಿಮ್ಮದು ಮೊದಲ ಕೊನೆಯಲ್ಲಿದೆ, ಗೆಳೆಯನದು ಎರಡನೆಯದರಲ್ಲಿ.

ಹೀಗೆ ಪರೀಕ್ಷಿಸಿ. ಬಲ ಚಾನೆಲ್‌ನಲ್ಲಿ ಏರಿಳಿತವಿಲ್ಲದ ಒಂದು ಉದ್ದನೆಯ ಸ್ವರ ಹಾಕಿ. ಕಿಕ್ ಇರುವ ಹಾಡು ಬೇಡ, ಕಿವಿಗೆ ಮೋಸವಾಗುತ್ತದೆ. ಎಡ ಚಾನೆಲ್ ಮುಚ್ಚಿಡಿ. ಕ್ರಾಸ್‌ಫೇಡರನ್ನು ಎಡತುದಿಗೆ ಒತ್ತಿ, ಉಗುರಿನಿಂದ ಮೆಲ್ಲಗೆ ಬಲಕ್ಕೆ ದೂಡುತ್ತ ಹೋಗಿ. ಧ್ವನಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಪೂರ್ಣಗೊಳ್ಳುತ್ತದೆ ಎಂಬ ಎರಡು ಜಾಗಗಳನ್ನು ನೋಡಿಕೊಳ್ಳಿ. ಕರ್ವ್ ಗುಂಡಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ದೂಡಿ. ನಾಲ್ಕಾರು ಸಲ ಹೀಗೆ ಮಾಡಿದರೆ ಯಾವ ಕೈಪಿಡಿಯೂ ಬೇಕಾಗುವುದಿಲ್ಲ.

ಧ್ವನಿಲೆಕ್ಕ

ಹಳೇಫೇಡರ್ ಅವರು ತುದಿಗಳ ಬಗ್ಗೆ ಹೇಳಿದರು. ಹಾಡು ಹಾಡಿಗೆ ಹೊಲಿಯುವವರಿಗೆ ತುದಿಗಿಂತ ನಡುವಿನ ಜಾಗ ಮುಖ್ಯ, ಅಲ್ಲಿ ಎರಡೂ ಹಾಡುಗಳು ಒಟ್ಟಿಗೆ ಕೇಳುತ್ತಿರುತ್ತವೆ.

ಫೇಡರ್ ನಟ್ಟನಡುವೆ ಇದ್ದಾಗ ಪ್ರತಿ ಚಾನೆಲ್ ಎಷ್ಟು ಇಳಿದಿರಬೇಕು? ಏರಿಕೆ ಸರಳರೇಖೆಯಲ್ಲಿದ್ದರೆ ನಡುವೆ ಎರಡೂ ಅರ್ಧಕ್ಕೆ ಇಳಿದಿರುತ್ತವೆ, ಅಂದರೆ ತಲಾ 6 ಡೆಸಿಬಲ್ ಕಡಿಮೆ. ಪರಸ್ಪರ ಸಂಬಂಧವಿಲ್ಲದ ಎರಡು ಸಮಾನ ಧ್ವನಿಗಳು ಸೇರಿದಾಗ ಒಟ್ಟು ಮಟ್ಟ 3 ಡೆಸಿಬಲ್ ಮಾತ್ರ ಏರುತ್ತದೆ. 6 ಇಳಿದು 3 ಏರಿದರೆ ಒಟ್ಟಾರೆ 3 ಡೆಸಿಬಲ್ ಹಳ್ಳ. ಹಾಡು ಬದಲಾಗುವಾಗ ಮಧ್ಯೆ ಸಭೆ ಸ್ವಲ್ಪ ಸಪ್ಪಗಾಯಿತು ಎನ್ನಿಸುವುದು ಇದರಿಂದಲೇ. ಹಾಗಾಗಿ ನಡುವೆ ತಲಾ 3 ಡೆಸಿಬಲ್ ಮಾತ್ರ ಇಳಿಯುವ ಕರ್ವ್ ಕೂಡ ಬಳಕೆಯಲ್ಲಿದೆ. ಅದರಲ್ಲಿ ಒಟ್ಟು ಶಕ್ತಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಟ್ಟದಲ್ಲಿ ಉಳಿಯುತ್ತದೆ. ಚೂಪಾದ ಕರ್ವ್‌ನಲ್ಲಿ ಎರಡೂ ಪೂರ್ತಿ ತೆರೆದಿರುವುದರಿಂದ ನಡುವೆ 3 ಡೆಸಿಬಲ್ ಉಬ್ಬು ಬರುತ್ತದೆ. ಎರಡು ಕಿಕ್‌ಗಳು ಒಂದೇ ಕ್ಷಣಕ್ಕೆ, ಒಂದೇ ದಿಕ್ಕಿನಲ್ಲಿ ಬಡಿದರೆ ಆ ಕ್ಷಣಕ್ಕೆ ಉಬ್ಬು 6ರ ಹತ್ತಿರಕ್ಕೂ ಹೋಗಬಹುದು. ಮೀಟರ್ ಕೆಂಪಿಗೆ ಹಾರುತ್ತದೆ, ಸ್ಪೀಕರ್ ನರಳುತ್ತದೆ.

ಬೀಟ್ ಕೂಡಿಸಿ ಬೆರೆಸುವವರು ಒಂದು ಹಾಡಿನ ಲೋ ಗುಂಡಿಯನ್ನು ಇಳಿಸಿ ಇನ್ನೊಂದರದ್ದನ್ನು ಏರಿಸುವುದು ಈ ಉಬ್ಬಿಗೆ ಮದ್ದು. ಕರ್ವ್ ಎಷ್ಟೇ ಚೆನ್ನಾಗಿದ್ದರೂ ಆ ಕೆಲಸವನ್ನು ಅದು ಮಾಡಿಕೊಡುವುದಿಲ್ಲ.

ಕೈಚಳಕ

ಚೂಪು ಕರ್ವ್‌ಗೆ ಸ್ಪೀಕರ್ ನರಳುತ್ತದೆ ಎಂದು ಹೆದರಿಸಬೇಡಿ. ಆ ಕರ್ವ್ ಇರುವುದು ಬೆರೆಸುವುದಕ್ಕಲ್ಲ, ಕತ್ತರಿಸುವುದಕ್ಕೆ.

ಸ್ಕ್ರ್ಯಾಚ್ ಮಾಡುವಾಗ ಎಡಗೈ ರೆಕಾರ್ಡಿನ ಮೇಲೆ, ಬಲಗೈ ಫೇಡರ್ ಮೇಲೆ. ಕ್ರ್ಯಾಬ್ ಎಂಬ ಪಟ್ಟು ಗೊತ್ತಿದ್ದರೆ ಗಮನಿಸಿ: ಹೆಬ್ಬೆರಳು ಫೇಡರನ್ನು ಒಂದು ಕಡೆಗೆ ಸ್ಪ್ರಿಂಗಿನಂತೆ ಒತ್ತಿಕೊಂಡಿರುತ್ತದೆ, ಉಳಿದ ಬೆರಳುಗಳು ಒಂದಾದ ಮೇಲೊಂದು ಗುಬ್ಬಿಯನ್ನು ತಾಕಿ ಜಾರುತ್ತವೆ. ಪ್ರತಿ ಬೆರಳಿಗೂ ಫೇಡರ್ ಸರಿಯುವುದು ಒಂದೆರಡು ಮಿಲಿಮೀಟರ್ ಮಾತ್ರ. ಅಷ್ಟರಲ್ಲಿ ಧ್ವನಿ ಪೂರ್ತಿ ತೆರೆದು ಪೂರ್ತಿ ಮುಚ್ಚಬೇಕು. ಕರ್ವ್ ಇಳಿಜಾರಾಗಿದ್ದರೆ ನಾಲ್ಕು ಬೆರಳಿನ ನಾಲ್ಕು ಏಟುಗಳು ಕೇಳುವುದರ ಬದಲು ಒಂದು ಮಂಕಾದ ಗುಂಯ್‌ಗುಟ್ಟುವಿಕೆ ಕೇಳುತ್ತದೆ. ತುದಿಯಲ್ಲಿ ಧ್ವನಿ ಹುಟ್ಟುವ ಮುನ್ನ ಇರುವ ಸತ್ತ ಜಾಗವನ್ನು ನಾವು ಕಟ್-ಇನ್ ಎನ್ನುತ್ತೇವೆ. ಅದು ಅರ್ಧ ಮಿಲಿಮೀಟರ್ ಹೆಚ್ಚಾದರೂ ನಮ್ಮ ಕೈಗೆ ಗೊತ್ತಾಗುತ್ತದೆ.

ರಿವರ್ಸ್ ಸ್ವಿಚ್ ಕೂಡ ನಮ್ಮವರ ಬೇಡಿಕೆಗೇ ಬಂದದ್ದು. ಸಾಮಾನ್ಯವಾಗಿ ಫೇಡರ್ ಎಡಕ್ಕಿದ್ದರೆ ಎಡ ಡೆಕ್, ಅಂದರೆ ಎಡಗಡೆಯ ಪ್ಲೇಯರ್, ಕೇಳಿಸುತ್ತದೆ. ರಿವರ್ಸ್ ಒತ್ತಿದರೆ ಎಡಕ್ಕಿದ್ದಾಗ ಬಲ ಡೆಕ್. ಇದನ್ನು ಹ್ಯಾಮ್‌ಸ್ಟರ್ ಸ್ವಿಚ್ ಎಂದೂ ಕರೆಯುತ್ತಾರೆ, ಬುಲೆಟ್‌ಪ್ರೂಫ್ ಸ್ಕ್ರ್ಯಾಚ್ ಹ್ಯಾಮ್‌ಸ್ಟರ್ಸ್ ಎಂಬ ಕ್ಯಾಲಿಫೋರ್ನಿಯಾದ ತಂಡ ಹೀಗೆ ತಿರುವುಮುರುವಾಗಿ ನುಡಿಸುತ್ತಿದ್ದುದರಿಂದ. ಫ್ಲೇರ್‌ನಂಥ ಪಟ್ಟುಗಳಲ್ಲಿ ಧ್ವನಿ ತೆರೆದೇ ಶುರುವಾಗುತ್ತದೆ, ನಡುನಡುವೆ ಫೇಡರನ್ನು ಗೋಡೆಗೆ ತಟ್ಟಿ ಕ್ಷಣಕಾಲ ಮುಚ್ಚುತ್ತೇವೆ. ಆ ತಟ್ಟುವಿಕೆ ಹೆಬ್ಬೆರಳಿನ ಕಡೆಗೆ ಸಲೀಸೋ ಬೆರಳುಗಳ ಕಡೆಗೆ ಸಲೀಸೋ ಎಂಬುದು ಒಬ್ಬೊಬ್ಬರ ಕೈಗೆ ಒಂದೊಂದು ಥರ. ಎರಡನ್ನೂ ಪ್ರಯತ್ನಿಸಿ ಒಂದಕ್ಕೆ ಅಂಟಿಕೊಳ್ಳಿ. ವಾರಕ್ಕೊಮ್ಮೆ ಬದಲಿಸುತ್ತಿದ್ದರೆ ಕೈಗೆ ಯಾವುದೂ ಒಗ್ಗುವುದಿಲ್ಲ.

ರಾತ್ರಿಪಾಳಿ

ಸ್ಕ್ರ್ಯಾಚ್ ಮಾಡದವರು ರಿವರ್ಸ್ ಸ್ವಿಚ್ಚನ್ನು ಮುಟ್ಟಬೇಡಿ ಎಂಬುದಷ್ಟೇ ನನ್ನ ಸಲಹೆ. ಅದು ಕ್ರಾಸ್‌ಫೇಡರ್‌ನ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಈಕ್ಯೂ, ಗೇನ್, ಕ್ಯೂ ಬಟನ್‌ಗಳು ಇದ್ದಲ್ಲೇ ಇರುತ್ತವೆ. ಹಿಂದಿನವರು ರಿವರ್ಸ್ ಹಾಕಿಟ್ಟು ಹೋಗಿದ್ದರೆ ನೀವು ಎಡಗಡೆಯ ಲೋ ಗುಂಡಿ ತಿರುಗಿಸುತ್ತಲೇ ಇರುತ್ತೀರಿ, ಬಲಗಡೆಯ ಹಾಡು ಕೇಳುತ್ತಲೇ ಇರುತ್ತದೆ. ಅಪರಿಚಿತ ಮಿಕ್ಸರ್ ಮುಂದೆ ನಿಂತಾಗ ನಾನು ಮೊದಲು ಬಗ್ಗಿ ನೋಡುವುದೇ ಈ ಸ್ವಿಚ್ಚನ್ನು.

ಇನ್ನು ಕ್ರಾಸ್‌ಫೇಡರ್ ವಿಚಾರ. ಹೌಸ್, ಟೆಕ್ನೋದಂಥ ನೃತ್ಯಸಂಗೀತ ನುಡಿಸುವ ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ, ನಾನೂ ಅವರಲ್ಲೊಬ್ಬ. 1971ರಲ್ಲಿ ಬಂದ ಬೋಜಾಕ್ ಸಿಎಂಎ-10-2ಡಿಎಲ್ ಮಿಕ್ಸರ್‌ನಲ್ಲಿ ಕ್ರಾಸ್‌ಫೇಡರ್ ಇರಲೇ ಇಲ್ಲ, ಬರೀ ತಿರುಗಿಸುವ ಗುಂಡಿಗಳು. ನ್ಯೂಯಾರ್ಕಿನ ಡಿಸ್ಕೋಗಳು ಅದರ ಮೇಲೆಯೇ ರಾತ್ರಿಗಳನ್ನು ಕಳೆದವು. ದೊಡ್ಡ ಮಿಕ್ಸರ್‌ಗಳಲ್ಲಿ ಪ್ರತಿ ಚಾನೆಲ್‌ಗೂ ‘ಥ್ರೂ’ ಎಂಬ ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಆ ಚಾನೆಲ್ ಕ್ರಾಸ್‌ಫೇಡರ್‌ನ ಹಂಗಿನಿಂದ ಹೊರಗೆ.

ಬೀಟ್‌ಹುಡುಕ ಅವರ ಎರಡು ಚಾನೆಲ್ ಮಿಕ್ಸರ್‌ನಲ್ಲಿ ಥ್ರೂ ಇರಲಿಕ್ಕಿಲ್ಲ. ಆಗ ಕರ್ವ್ ಗುಂಡಿಯನ್ನು ಚೂಪು ಕೊನೆಗೆ ತಿರುಗಿಸಿ ಫೇಡರನ್ನು ನಡುವೆ ನಿಲ್ಲಿಸಿ. ಎರಡೂ ಚಾನೆಲ್ ಪೂರ್ತಿ ತೆರೆದಿರುತ್ತವೆ, ಅಂದರೆ ಕ್ರಾಸ್‌ಫೇಡರ್ ಇಲ್ಲದಂತೆಯೇ. ಇಳಿಜಾರು ಕರ್ವ್ ಇಟ್ಟು ನಡುವೆ ನಿಲ್ಲಿಸಿದರೆ ಮಾತ್ರ ಧ್ವನಿಲೆಕ್ಕ ಅವರು ಹೇಳಿದ 3ರಿಂದ 6 ಡೆಸಿಬಲ್ ಸುಮ್ಮನೆ ಸೋರಿಹೋಗುತ್ತದೆ. ಕಾರಣ ತಿಳಿಯದೆ ಜನ ಗೇನ್ ಏರಿಸುತ್ತಾರೆ, ಆಮೇಲೆ ಧ್ವನಿ ಒಡೆಯುತ್ತಿದೆ ಎಂದು ಸ್ಪೀಕರಿಗೆ ಬೈಯುತ್ತಾರೆ.

ಕೈಚಳಕ

ಕ್ರಾಸ್‌ಫೇಡರ್ ಮುಟ್ಟದವರಿಗೆ ಅದರ ಕರ್ವ್ ಬಗ್ಗೆ ಇಷ್ಟೊಂದು ಅಭಿಪ್ರಾಯ ಇರುವುದು ಸೋಜಿಗ.

ರಾತ್ರಿಪಾಳಿ

ಮುಟ್ಟದಿರಬೇಕಾದರೆ ಅದನ್ನು ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರಬೇಕಲ್ಲ. ನಿಮ್ಮ ಕ್ರ್ಯಾಬ್‌ಗೆ ನನ್ನ ವಿರೋಧವಿಲ್ಲ, ಕೇಳಲು ಖುಷಿಯೇ. ಆದರೆ ಹೊಸಬರಿಗೆ ಮೊದಲ ದಿನವೇ ಚೂಪು ಕರ್ವ್ ಹಾಕಿಕೊಟ್ಟು ಬೆರೆಸಲು ಹೇಳಬೇಡಿ.

ಬೀಟ್‌ಹುಡುಕ

ಉದ್ದನೆಯ ಸ್ವರದ ಪರೀಕ್ಷೆ ಮಾಡಿದೆ. ಕರ್ವ್ ಗುಂಡಿ ಬಲಕ್ಕೆ ಪೂರ್ತಿ ತಿರುಗಿತ್ತು. ಎಡಕ್ಕೆ ತಂದ ಮೇಲೆ ಹಾಡು ಮೆಲ್ಲಗೆ ಏರುತ್ತದೆ, ನಡುವೆ ಹಳ್ಳವೂ ಕೇಳಿಸಿತು. ಈಗ ಗುಂಡಿಯನ್ನು ಎರಡರ ಮಧ್ಯೆ ನಿಲ್ಲಿಸಿದ್ದೇನೆ, ಹಳ್ಳ ಅಷ್ಟಾಗಿ ಗೊತ್ತಾಗುವುದಿಲ್ಲ. ‘ಲೈನ್ ಕರ್ವ್’ ಇದೇ ಕೆಲಸವನ್ನು ಮೇಲೆ-ಕೆಳಗೆ ಓಡುವ ಫೇಡರ್‌ಗಳಿಗೆ ಮಾಡುತ್ತದೆಯೇ? ಇನ್ನೊಂದು ಸಂದೇಹ: ಗೆಳೆಯನ ಇನ್ನೊಂದು ಪುರಾತನ ಮಿಕ್ಸರ್‌ನಲ್ಲಿ ಕರ್ವ್ ಗುಂಡಿಯೇ ಇಲ್ಲ. ಏಕೆ?

ಹಳೇಫೇಡರ್

ಲೈನ್ ಕರ್ವ್ ಬಗ್ಗೆ ನೀವು ಊಹಿಸಿದ್ದು ಸರಿ. ಫೇಡರಿನಿಂದಲೇ ನಿಧಾನವಾಗಿ ಹಾಡು ತರುವವರು ಅದನ್ನು ಇಳಿಜಾರಾಗಿ ಇಟ್ಟುಕೊಳ್ಳಲಿ, ಅಷ್ಟು ಸಾಕು.

ಎರಡನೆಯ ಪ್ರಶ್ನೆ ನನಗೆ ಇಷ್ಟವಾಯಿತು. ಪುರಾತನ ಮಿಕ್ಸರ್‌ಗಳಲ್ಲಿ ಹಾಡಿನ ಸಿಗ್ನಲ್ ನೇರವಾಗಿ ಫೇಡರ್‌ನೊಳಗಿನ ಕಾರ್ಬನ್ ಪಟ್ಟಿಯ ಮೇಲೆ ಹರಿದು ಹೋಗುತ್ತಿತ್ತು. ಪಟ್ಟಿಯನ್ನು ಕಾರ್ಖಾನೆಯಲ್ಲಿ ಹೇಗೆ ಬಳಿದಿದ್ದಾರೋ ಅದೇ ಕರ್ವ್, ಬದಲಿಸಲು ದಾರಿಯಿಲ್ಲ. ಪಟ್ಟಿಯ ಮೇಲೆ ಧೂಳು ಕೂತರೆ ಆ ಧೂಳೂ ಸ್ಪೀಕರಿನಲ್ಲಿ ಕರಕರ ಎಂದು ಕೇಳುತ್ತಿತ್ತು. ಆಮೇಲೆ ವಿಸಿಎ, ಅಂದರೆ ವೋಲ್ಟೇಜಿನಿಂದ ನಿಯಂತ್ರಿಸುವ ಆಂಪ್ಲಿಫೈಯರ್, ಬಂತು. ಇದರಲ್ಲಿ ಹಾಡು ಫೇಡರ್ ಹತ್ತಿರಕ್ಕೇ ಬರುವುದಿಲ್ಲ. ಫೇಡರ್ ಬರೀ ಒಂದು ನೇರ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ, ಆ ವೋಲ್ಟೇಜಿನ ಅಪ್ಪಣೆಯಂತೆ ಇನ್ನೆಲ್ಲೋ ಇರುವ ಆಂಪ್ಲಿಫೈಯರ್ ಹಾಡಿನ ಮಟ್ಟ ಬದಲಿಸುತ್ತದೆ. ವೋಲ್ಟೇಜನ್ನು ದಾರಿಯಲ್ಲಿ ಬಗ್ಗಿಸುವುದು ಸುಲಭ, ಬಗ್ಗಿಸುವ ಗುಂಡಿಯೇ ಕರ್ವ್. ಎಡ-ಬಲ ಅದಲುಬದಲು ಮಾಡುವುದೂ ಅಷ್ಟೇ ಸುಲಭ, ಅದೇ ರಿವರ್ಸ್. ಮುಂಭಾಗದ ಪಟ್ಟಿಗೆ ಇಷ್ಟೊಂದು ಗುಂಡಿಗಳು ಬಂದು ಕುಳಿತದ್ದು ಈ ಬದಲಾವಣೆಯ ನಂತರ. ಈಗಿನ ಡಿಜಿಟಲ್ ಮಿಕ್ಸರ್‌ಗಳಲ್ಲಿ ವೋಲ್ಟೇಜಿನ ಜಾಗಕ್ಕೆ ಅಂಕಿ ಬಂದಿದೆ, ತತ್ವ ಅದೇ.

ರೇನ್ ಕಂಪನಿಯ ಟಿಟಿಎಂ 56ನಂಥ ಮಿಕ್ಸರ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಫೇಡರ್ ಎಲ್ಲಿದೆ ಎಂಬುದನ್ನು ಅಯಸ್ಕಾಂತದಿಂದ ಗುರುತಿಸಿದವು. ಒಂದಕ್ಕೊಂದು ಉಜ್ಜುವುದೇ ಇಲ್ಲವಾದ್ದರಿಂದ ಸವೆತ ತೀರ ಕಡಿಮೆ. ಅದಿರಲಿ, ವಿಷಯಾಂತರವಾಗುತ್ತಿದೆ.

ಧ್ವನಿಲೆಕ್ಕ

ಎರಡು ಬಾರಿ ಬಡಿಯುವ ಕಿಕ್ ಕಡೆಗೆ ಬರೋಣ, ಅದನ್ನು ಎಲ್ಲರೂ ಮರೆತಂತಿದೆ. ಬೀಟ್‌ಹುಡುಕ ಅವರೇ, ನಿಮ್ಮ ಸ್ಪೀಕರ್ ಎಷ್ಟು ದೂರದಲ್ಲಿದೆ? ಹೆಡ್‌ಫೋನಿನಲ್ಲಿ ಕೇಳುವಾಗ ‘ಕ್ಯೂ–ಮಾಸ್ಟರ್’ ಗುಂಡಿ ಯಾವ ಕಡೆಗೆ ತಿರುಗಿರುತ್ತದೆ?

ಬೀಟ್‌ಹುಡುಕ

ಗುಂಡಿ ಪೂರ್ತಿ ಕ್ಯೂ ಕಡೆಗೆ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಬಿಟ್ಟುಕೊಂಡು ಹೊರಗಿನ ಹಾಡು ಕೇಳುತ್ತೇನೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ತೊಂದರೆಯಿಲ್ಲ. ತೊಂದರೆ ಬಂದದ್ದು ದೊಡ್ಡ ಸಭಾಂಗಣದಲ್ಲಿ. ಸ್ಪೀಕರ್‌ಗಳು ವೇದಿಕೆಯ ಆ ಕೊನೆಯಲ್ಲಿದ್ದವು, ಅಂದಾಜು ಹತ್ತು ಮೀಟರ್ ಇರಬಹುದು. ನನ್ನ ಹತ್ತಿರ ಬೇರೆ ಸ್ಪೀಕರ್ ಇರಲಿಲ್ಲ.

ಧ್ವನಿಲೆಕ್ಕ

ಹಾಗಾದರೆ ಸಿಕ್ಕಿತು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಹತ್ತು ಮೀಟರ್ ದಾಟಲು 29 ಮಿಲಿಸೆಕೆಂಡ್ ಬೇಕು. ಹೆಡ್‌ಫೋನಿನ ಹಾಡಿಗೆ ಈ ಪ್ರಯಾಣವೇ ಇಲ್ಲ. ಬಿಟ್ಟ ಕಿವಿಗೆ ಕೇಳುತ್ತಿದ್ದುದು 29 ಮಿಲಿಸೆಕೆಂಡ್ ಹಳೆಯ ಕಿಕ್. ಅದಕ್ಕೆ ಸರಿಯಾಗಿ ಹೊಸ ಹಾಡನ್ನು ಕೂಡಿಸಿದಿರಿ. ಅಂದರೆ ಮಿಕ್ಸರ್‌ನೊಳಗೆ ಹೊಸ ಹಾಡು ಅಷ್ಟೇ ಹೊತ್ತು ಹಿಂದೆ ಬಿದ್ದಿತು. ಫೇಡರ್ ಎತ್ತಿದಾಗ ಎರಡೂ ಒಂದೇ ಸ್ಪೀಕರಿನಿಂದ ಹೊರಟವು, ಆ ಅಂತರ ಸಭಾಂಗಣದ ಎಲ್ಲ ಮೂಲೆಗೂ ಹಾಗೆಯೇ ತಲುಪಿತು.

ನಿಮಿಷಕ್ಕೆ 128 ಬೀಟ್‌ಗಳ ಹಾಡಿನಲ್ಲಿ ಒಂದು ಬೀಟ್ ಎಂದರೆ 469 ಮಿಲಿಸೆಕೆಂಡ್, ಅದರ ಕಾಲು ಭಾಗ 117. ಆ ಕಾಲು ಭಾಗದ ಕಾಲು ಭಾಗ ನಿಮ್ಮ 29. ಕೇಳಲು ಚಿಕ್ಕದು ಎನಿಸಿದರೂ ಎರಡು ಗಟ್ಟಿ ಕಿಕ್‌ಗಳ ನಡುವೆ ಇಷ್ಟು ಅಂತರವಿದ್ದರೆ ತಾಳಜ್ಞಾನವಿಲ್ಲದವರಿಗೂ ಗೊತ್ತಾಗುತ್ತದೆ.

ನಿಮ್ಮ ಕಿವಿಯೂ ಸರಿ ಇದೆ, ಕೂಡಿಸಿದ್ದೂ ಸರಿ ಇದೆ, ಕೇಳಿದ ಜಾಗ ಸರಿ ಇರಲಿಲ್ಲ. ಕ್ಯೂ–ಮಾಸ್ಟರ್ ಗುಂಡಿ ಇರುವುದು ಇದಕ್ಕಾಗಿ. ಅದನ್ನು ನಡುವಿಗೆ ತಂದರೆ ಹೊರಗೆ ಹೋಗುತ್ತಿರುವ ಹಾಡೂ ಕ್ಯೂ ಹಾಡೂ ಹೆಡ್‌ಫೋನಿನೊಳಗೇ ಬೆರೆತು ಕೇಳುತ್ತವೆ, ಎರಡಕ್ಕೂ ಪ್ರಯಾಣ ಇಲ್ಲ. ಬೀಟ್ ಹತ್ತಿರ ತರುವಾಗ ಗುಂಡಿಯನ್ನು ಕ್ಯೂ ಕಡೆಗೆ ಇಟ್ಟುಕೊಳ್ಳಿ, ಕೊನೆಯ ಕೂದಲೆಳೆಯ ಹೊಂದಾಣಿಕೆಗೆ ನಡುವಿಗೆ ತನ್ನಿ, ಫೇಡರ್ ಎತ್ತುವ ಮುನ್ನ ಮಾಸ್ಟರ್ ಕಡೆಗೆ ತಿರುಗಿಸಿ ಹೊರಗಿನವರಿಗೆ ಏನು ಕೇಳುತ್ತಿದೆ ಎಂದು ನೋಡಿ. ಎರಡೂ ಕಿವಿ ಮುಚ್ಚಿಕೊಳ್ಳಿ. ನಿಮ್ಮ ಪಕ್ಕದಲ್ಲೇ ಮಾನಿಟರ್ ಸ್ಪೀಕರ್ ಇದ್ದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ; ಒಂದು ಮೀಟರ್ ದೂರಕ್ಕೆ 3 ಮಿಲಿಸೆಕೆಂಡ್ ಮಾತ್ರ, ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಬ್ಲೂಟೂತ್ ಹೆಡ್‌ಫೋನ್ ಬಳಸಬಹುದೇ ಎಂದು ಯಾರಾದರೂ ಕೇಳುವ ಮುನ್ನವೇ ಹೇಳಿಬಿಡುತ್ತೇನೆ: ಬೇಡ. ಸಾಮಾನ್ಯ ಬ್ಲೂಟೂತ್‌ನಲ್ಲಿ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗುವುದು ಮಾಮೂಲು. ಅದರ ಮುಂದೆ ನಿಮ್ಮ ಹತ್ತು ಮೀಟರ್ ಏನೂ ಅಲ್ಲ.

ಹೊಸಗಾಳಿ

ಇಷ್ಟೆಲ್ಲ ಯಾಕೆ? ಈಗ ಸಾಫ್ಟ್‌ವೇರ್‌ನಲ್ಲಿ ಸಿಂಕ್ ಬಟನ್ ಇದೆ.

ರಾತ್ರಿಪಾಳಿ

ಸಿಂಕ್ ಬೀಟ್ ಕೂಡಿಸುತ್ತದೆ, ಸರಿ. ಹೊಸ ಹಾಡಿನ ಗಾಯಕಿ ಯಾವ ಸಾಲಿಗೆ ದನಿ ತೆಗೆಯುತ್ತಾಳೆ, ಅದು ಹಳೆಯ ಹಾಡಿನ ಪಲ್ಲವಿಯ ಮೇಲೆ ಬೀಳುತ್ತದೆಯೇ, ಶ್ರುತಿ ಜಗಳವಾಡುತ್ತದೆಯೇ ಎಂಬುದನ್ನು ಹೆಡ್‌ಫೋನಿನಲ್ಲೇ ಕೇಳಬೇಕು. ಕ್ಯೂ–ಮಾಸ್ಟರ್ ಗುಂಡಿ ಸಿಂಕ್ ಬಳಸುವವರಿಗೂ ಬೇಕು.

ಹಳೇಫೇಡರ್

ಜನ ಕೇಳುತ್ತಿರುವ ಹಾಡಿಗೆ ಭಂಗ ಬಾರದಂತೆ ಮುಂದಿನ ಹಾಡನ್ನು ಗುಟ್ಟಾಗಿ ಕೇಳಿಕೊಳ್ಳುವ ಸೌಲಭ್ಯಕ್ಕೆ ಜನ ಎಷ್ಟು ಒದ್ದಾಡಿದ್ದಾರೆ ಎಂದು ತಿಳಿದರೆ ಹೊಸಗಾಳಿ ಅವರು ಆ ಮೂಲೆಯನ್ನು ಅಷ್ಟು ಹಗುರವಾಗಿ ಕಾಣುವುದಿಲ್ಲ. 1970ರ ದಶಕದಲ್ಲಿ ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಲೆಕ್ಟ್ರಾನಿಕ್ಸ್ ಓದಿದ್ದವರು. ತಮ್ಮ ಮಿಕ್ಸರ್‌ಗೆ ತಾವೇ ಒಂದು ಸ್ವಿಚ್ ಕೂಡಿಸಿಕೊಂಡು ಯಾವ ಡೆಕ್ಕನ್ನು ಹೆಡ್‌ಫೋನಿಗೆ ತಂದುಕೊಳ್ಳಬೇಕೆಂದು ಆರಿಸುವ ಏರ್ಪಾಟು ಮಾಡಿಕೊಂಡರು. ಅದನ್ನು ಅವರು ಪೀಕ್-ಅ-ಬೂ ಎಂದು ಕರೆದರು. ಡ್ರಮ್ಸ್ ಮಾತ್ರ ಬರುವ ತುಣುಕನ್ನು ಒಂದೇ ರೆಕಾರ್ಡಿನ ಎರಡು ಪ್ರತಿಗಳಿಂದ ಬಿಡುವಿಲ್ಲದೆ ಮತ್ತೆ ಮತ್ತೆ ನುಡಿಸಲು ಅದು ಅವರಿಗೆ ಬೇಕಾಗಿತ್ತು.

ಬೀಟ್‌ಹುಡುಕ

ಸ್ಪೀಕರ್‌ಗಳನ್ನು ದೂರಕ್ಕೆ ಒಯ್ದು ಗುಂಡಿ ನಡುವೆ ಇಟ್ಟು ಪ್ರಯತ್ನಿಸಿದೆ. ಬಡಿತ ಕೂಡಿಕೊಂಡಿತು! ಆದರೆ ಎರಡು ಹಾಡು ಕಿವಿಯಲ್ಲಿ ಕಲಸಿಹೋಗಿ ಯಾವುದು ಮುಂದೆ ಯಾವುದು ಹಿಂದೆ ಎಂದು ಹೇಳುವುದು ಕಷ್ಟವಾಗುತ್ತಿದೆ. ಸ್ಪ್ಲಿಟ್ ಇದಕ್ಕೇ ಇರುವುದೋ?

ಹಳೇಫೇಡರ್

ಇದಕ್ಕೇ. ಸ್ಪ್ಲಿಟ್ ಹಾಕಿದರೆ ಎಡ ಕಿವಿಗೆ ಕ್ಯೂ, ಬಲ ಕಿವಿಗೆ ಮಾಸ್ಟರ್. ಎರಡೂ ಮಾನೋ ಆಗುತ್ತವೆ. ಹಾಡಿನ ಸ್ಟೀರಿಯೋ ವೈಭವ ಹೋಗುತ್ತದೆ, ಬೀಟ್ ಕೂಡಿಸಲು ಅದು ಬೇಕೂ ಇಲ್ಲ. ಯಾವ ಕಿವಿ ಮುಂದೆ ಓಡುತ್ತಿದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಕೈಚಳಕ

ನನಗೆ ಸ್ಪ್ಲಿಟ್ ಆಗಿಬರುವುದಿಲ್ಲ. ಎರಡು ಕಿವಿಗೆ ಎರಡು ಹಾಡು ಬಿದ್ದರೆ ಎರಡೂ ಸರಿಯಾಗಿ ಕೂಡಿದಾಗಲೂ ನನ್ನ ತಲೆ ಒಪ್ಪಿಕೊಳ್ಳುವುದಿಲ್ಲ. ಬೆರೆತ ಧ್ವನಿಯಲ್ಲಿ ಎರಡು ಕಿಕ್ ಒಂದಾದಾಗ ಒಂದು ಗಟ್ಟಿತನ ಬರುತ್ತದೆ, ಸ್ಪ್ಲಿಟ್‌ನಲ್ಲಿ ಅದು ಸಿಗುವುದಿಲ್ಲ. ಬೀಟ್‌ಹುಡುಕ ಅವರೇ, ಕಲಸಿಹೋಗುತ್ತಿದ್ದರೆ ಈಕ್ಯೂ ಗುಂಡಿಗಳನ್ನು ಬಳಸಿ. ಬಹುತೇಕ ಮಿಕ್ಸರ್‌ಗಳಲ್ಲಿ ಕ್ಯೂ ಧ್ವನಿ ಚಾನೆಲ್ ಫೇಡರ್‌ಗಿಂತ ಮೊದಲು, ಆದರೆ ಈಕ್ಯೂ ಆದ ನಂತರ ಹೆಡ್‌ಫೋನಿಗೆ ಬರುತ್ತದೆ. ಫೇಡರ್ ಮುಚ್ಚಿರುವಾಗ ಹೊಸ ಹಾಡಿನ ಲೋ ಇಳಿಸಿ ಹೈ-ಹ್ಯಾಟ್ (ಡ್ರಮ್ಸ್‌ನ ಚಿಕ್ಕ ತಾಳಗಳ ಸದ್ದು) ಮಾತ್ರ ಕೇಳಿಕೊಂಡು ಕೂಡಿಸಬಹುದು. ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ.

ರಾತ್ರಿಪಾಳಿ

ಇದೊಂದು ವಿಷಯದಲ್ಲಿ ಕೈಚಳಕ ಅವರ ಜೊತೆ ನಾನಿದ್ದೇನೆ. ಸ್ಪ್ಲಿಟ್‌ನಲ್ಲಿ ಒರಟಾಗಿ ಕೂಡಿಸಿ, ಆಮೇಲೆ ಅದನ್ನು ಆಫ್ ಮಾಡಿ, ಕ್ಯೂ–ಮಾಸ್ಟರ್ ಗುಂಡಿ ನಡುವೆ ಇಟ್ಟು ಖಚಿತ ಮಾಡಿಕೊಳ್ಳುವವರೂ ಇದ್ದಾರೆ. ಒಂದು ಎಚ್ಚರ: ಹಿಂದಿನವರು ಸ್ಪ್ಲಿಟ್ ಹಾಕಿಟ್ಟು ಹೋಗಿದ್ದರೆ ಹೆಡ್‌ಫೋನಿನ ಒಂದು ಕಿವಿ ಸತ್ತಿದೆ ಎಂದೇ ಅನ್ನಿಸುತ್ತದೆ. ವೈರ್ ಅಲ್ಲಾಡಿಸುವ ಮುನ್ನ ಸ್ವಿಚ್ ನೋಡಿ.

ಮೆಲುದನಿ

ಹೆಡ್‌ಫೋನ್ ಲೆವೆಲ್ ಗುಂಡಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅಪಾಯಕಾರಿ ಗುಂಡಿ ಅದೊಂದೇ.

ಡಿಜೆ ಮಿಕ್ಸರ್‌ನ ಹೆಡ್‌ಫೋನ್ ಆಂಪ್ಲಿಫೈಯರ್ ಮೊಬೈಲ್ ಫೋನಿನದರಂತಲ್ಲ, ಗದ್ದಲದ ನಡುವೆ ಕೇಳಿಸಲೆಂದೇ ಅದಕ್ಕೆ ಬಲ ಜಾಸ್ತಿ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಷ್ ಹೇಳುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಪಕ್ಕದಲ್ಲಿ ಸ್ಪೀಕರ್ ಅಬ್ಬರಿಸುತ್ತಿರುವಾಗ ಅದನ್ನು ಮೀರಿಸಲು ಹೆಡ್‌ಫೋನ್ ಏರಿಸುವವರು ಈ ಕೊನೆಯ ಲೆಕ್ಕದಲ್ಲೇ ಇರುತ್ತಾರೆ. ಎರಡೂ ಕಿವಿ ಮುಚ್ಚಿಕೊಂಡು ಕ್ಯೂ–ಮಾಸ್ಟರ್ ನಡುವೆ ಇಟ್ಟು ಕೂಡಿಸಿ ಎಂದು ಧ್ವನಿಲೆಕ್ಕ ಅವರು ಹೇಳಿದ್ದು ಕಿವಿಯ ಆರೋಗ್ಯಕ್ಕೂ ಒಳ್ಳೆಯದು, ಹೊರಗಿನದರ ಜೊತೆ ಪೈಪೋಟಿ ತಪ್ಪುತ್ತದೆ.

ಹೆಡ್‌ಫೋನ್ ಚುಚ್ಚುವ ಮುನ್ನ ಲೆವೆಲ್ ಸೊನ್ನೆಗೆ ತನ್ನಿ. ಚುಚ್ಚಿ, ಕಿವಿಗೆ ಹಾಕಿ, ಆಮೇಲೆ ಏರಿಸಿ. ಒಂದು ಹೆಡ್‌ಫೋನಿಗೆ ಹೊಂದಿದ್ದ ಜಾಗ ಇನ್ನೊಂದಕ್ಕೆ ಹೊಂದುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 25 ಹೆಡ್‌ಫೋನಿನ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 70 ಓಮ್. ಬೇರೆ ಎಷ್ಟೋ ಹೆಡ್‌ಫೋನ್‌ಗಳದ್ದು 32ರ ಆಸುಪಾಸು, ಸಂವೇದನೆಯೂ ಬೇರೆ ಬೇರೆ. ಗುಂಡಿ ಒಂದೇ ಕಡೆ ನಿಂತಿದ್ದರೂ ಕಿವಿಗೆ ಬೀಳುವ ಮಟ್ಟ ಒಂದೇ ಆಗಿರುವುದಿಲ್ಲ.

ಬೀಟ್‌ಹುಡುಕ

ಎರಡು ಜ್ಯಾಕ್ ಯಾಕೆ? ಇಬ್ಬರು ಒಟ್ಟಿಗೆ ಕೇಳಲು ಎಂದುಕೊಂಡಿದ್ದೆ.

ಮೆಲುದನಿ

ಕೇಳಬಹುದು, ಆದರೆ ಮುಖ್ಯ ಉದ್ದೇಶ ಅದಲ್ಲ. ದಪ್ಪನೆಯದು 6.3 ಮಿಲಿಮೀಟರ್, ಸಣ್ಣದು 3.5. ಯಾವ ಪಿನ್ ತಂದರೂ ಕೆಲಸ ನಡೆಯಲಿ ಎಂದು ಎರಡು ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಎರಡೂ ಒಂದೇ ಆಂಪ್ಲಿಫೈಯರ್‌ನ ಹೊರದಾರಿಗಳು, ಲೆವೆಲ್ ಗುಂಡಿಯೂ ಒಂದೇ. ಇಬ್ಬರೂ ಚುಚ್ಚಿದರೆ ಧ್ವನಿ ಸ್ವಲ್ಪ ಇಳಿಯಬಹುದು. ಆಗ ಏರಿಸಿದ ಲೆವೆಲ್ ಅನ್ನು ಎರಡನೆಯವರು ಪಿನ್ ಕಿತ್ತ ಮೇಲೆ ಇಳಿಸಲು ಮರೆಯಬೇಡಿ.

ಸಾಧ್ಯವಾದರೆ ದಪ್ಪ ಜ್ಯಾಕನ್ನೇ ಬಳಸಿ. ನೇತಾಡುವ ವೈರಿಗೆ ಮೊಣಕಾಲು ತಗುಲುವುದು ದಿನವೂ ನಡೆಯುವ ಕೆಲಸ, ಸಣ್ಣ ಜ್ಯಾಕ್ ಆ ಎಳೆತವನ್ನು ಬಹಳ ದಿನ ತಾಳುವುದಿಲ್ಲ. ಸಣ್ಣದಕ್ಕೆ ಉದ್ದನೆಯ ಪರಿವರ್ತಕ ಪಿನ್ ಸಿಕ್ಕಿಸಿ ಹೊರಚಾಚಿಸುವುದಂತೂ ಬೇಡವೇ ಬೇಡ.

ಹೊಸಗಾಳಿ

ಎಡತುದಿಯ ಮೈಕ್ ಗುಂಡಿ?

ರಾತ್ರಿಪಾಳಿ

ಬರೀ ಮೈಕಿನ ಮಟ್ಟ. ಬಳಸದಿರುವಾಗ ಸೊನ್ನೆಯಲ್ಲಿರಲಿ, ಇಲ್ಲದಿದ್ದರೆ ಮಿಕ್ಸರ್ ಪಕ್ಕದ ಮಾತೆಲ್ಲ ಸಭೆಗೆ ಪ್ರಸಾರವಾಗುತ್ತದೆ, ಸ್ಪೀಕರ್ ಎದುರಿಗಿದ್ದರೆ ಕೂಗೂ ಹುಟ್ಟುತ್ತದೆ. ಟಾಕ್‌ಓವರ್ ಸ್ವಿಚ್ ಇದ್ದರೆ ಅದು ಮಾತಾಡುವಾಗ ಹಾಡನ್ನು ತಾನೇ ತಗ್ಗಿಸುತ್ತದೆ.

ಬೀಟ್‌ಹುಡುಕ

ಎಲ್ಲರಿಗೂ ಧನ್ಯವಾದ. ಕೊನೆಯದೊಂದು ಕೇಳಿಬಿಡುತ್ತೇನೆ. ನನ್ನ ಕರ್ವ್ ಗುಂಡಿಗೆ ನಡುವೆ ಟಕ್ ಎಂದು ನಿಲ್ಲುವ ಜಾಗವೇ ಇಲ್ಲ, ನುಣ್ಣಗೆ ತಿರುಗುತ್ತದೆ. ಮಿಕ್ಸರನ್ನು ಚೀಲದಲ್ಲಿಟ್ಟು ಒಯ್ದಾಗಲೆಲ್ಲ ಅದು ಸರಿದುಬಿಡುತ್ತದೆ. ಮತ್ತೆ ಅದೇ ಜಾಗಕ್ಕೆ ತರುವುದು ಹೇಗೆ?

ಕೈಚಳಕ

ಗುಂಡಿಯ ಮೇಲಿನ ಗೀಟಿಗೆ ನೇರವಾಗಿ ಪಟ್ಟಿಯ ಮೇಲೆ ಬಿಳಿ ಉಗುರುಬಣ್ಣದ ಚುಕ್ಕೆ ಇಡಿ. ನಾನು ಎರಡು ಇಟ್ಟಿದ್ದೇನೆ, ಸ್ಕ್ರ್ಯಾಚ್‌ಗೆ ಒಂದು, ಬೆರೆಸುವುದಕ್ಕೆ ಒಂದು. ಹೌದು ರಾತ್ರಿಪಾಳಿ ಅವರೇ, ನಾನೂ ಆಗಾಗ ಬೆರೆಸುತ್ತೇನೆ.

ಹಳೇಫೇಡರ್

ಚುಕ್ಕೆಗೆ ಗುಂಡಿ ತಂದ ಮೇಲೂ ಉದ್ದನೆಯ ಸ್ವರ ಹಾಕಿ ಒಮ್ಮೆ ಫೇಡರ್ ದೂಡಿ ನೋಡಿ. ಗುಂಡಿಯ ಪ್ಲಾಸ್ಟಿಕ್ ಟೊಪ್ಪಿ ಕೆಲವು ಮಿಕ್ಸರ್‌ಗಳಲ್ಲಿ ಒಳಗಿನ ದಂಡದ ಮೇಲೆ ಜಾರುತ್ತದೆ. ಆಗ ಗೀಟು ಚುಕ್ಕೆಗೆ ನೇರವಾಗಿದ್ದರೂ ಒಳಗಿನ ದಂಡ ಬೇರೆಲ್ಲೋ ನಿಂತಿರುತ್ತದೆ. ಟೊಪ್ಪಿ ಸಡಿಲವಿದ್ದರೆ ಎಳೆದು ತೆಗೆದು, ದಂಡದ ಚಪ್ಪಟೆ ಮೈಗೆ ತೆಳ್ಳಗಿನ ಟೇಪ್ ಚೂರು ಅಂಟಿಸಿ ಮತ್ತೆ ಕೂರಿಸಿ.